ತೊಗರಿ ಹೊಲದ ಬಳಲಿಕೆಯನ್ನು ಉಪಗ್ರಹ ಚಿತ್ರಗಳಲ್ಲಿ ಓದುವ ವಿಧಾನ

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ದೇಶದಲ್ಲಿ ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆಯಾಗಿತ್ತು. 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಮತ್ತೊಂದಿಲ್ಲ. ಹಾಗಿದ್ದೂ ರಸ್ತೆಯ ಬದಿಯಿಂದ ನೋಡಿದವರಿಗೆ ಎಷ್ಟೋ ಹೊಲಗಳು ಹಸಿರಾಗಿಯೇ ಕಂಡವು, ‘ಹಸಿರು ಬರ’ ಎಂಬ ಮಾತು ರಾಜ್ಯದಲ್ಲೆಲ್ಲ ಕೇಳಿಬಂತು. ಬೆಳೆ ಹಸಿರಾಗಿ ನಿಂತಿದ್ದರೂ ಒಳಗೊಳಗೇ ಬಳಲುತ್ತಿದೆ ಎಂಬುದನ್ನು ರೈತರು ಬಲ್ಲರು. ಅದನ್ನು ಇಡೀ ತಾಲ್ಲೂಕಿನ ಮಟ್ಟಕ್ಕೆ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ರೀತಿಯಲ್ಲಿ ತೋರಿಸಬೇಕಾದರೆ ಉಪಗ್ರಹ ಚಿತ್ರಗಳ ನೆರವು ಬೇಕಾಗುತ್ತದೆ.

ಈ ಬರಹವು ಕಲಬುರಗಿ ಜಿಲ್ಲೆಯ ಮಳೆಯಾಶ್ರಿತ ತೊಗರಿಯನ್ನು ಇಟ್ಟುಕೊಂಡು ಆ ಕೆಲಸದ ಕ್ರಮವನ್ನು ವಿವರಿಸುತ್ತದೆ. ಕೃಷಿ ಪದವಿ ವಿದ್ಯಾರ್ಥಿಗಳು, ರೈತ ಉತ್ಪಾದಕ ಸಂಸ್ಥೆಗಳಲ್ಲಿ ತಾಂತ್ರಿಕ ಕೆಲಸ ಮಾಡುವವರು, ಭೂಗೋಳ ಕಲಿಸುವ ಅಧ್ಯಾಪಕರು ಇದನ್ನು ಅನುಸರಿಸಬಹುದು. ಬೇಕಾಗುವ ಚಿತ್ರಗಳೆಲ್ಲ ಉಚಿತವಾಗಿ ಸಿಗುತ್ತವೆ. ಒಂದು ಸಾಧಾರಣ ಕಂಪ್ಯೂಟರ್, ಅಂತರ್ಜಾಲ ಸಂಪರ್ಕ, ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಲ್ಲೇ ಸಂಸ್ಕರಿಸುವ ಗೂಗಲ್ ಅರ್ಥ್ ಎಂಜಿನ್ ಖಾತೆ ಮತ್ತು ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಇದ್ದರೆ ಕೆಲಸ ಆರಂಭಿಸಬಹುದು.

ಗಿಡ ಬಳಲುವ ಕ್ರಮ

ಚಿತ್ರಗಳಿಂದ ಲೆಕ್ಕ ಹಾಕುವ ಯಾವ ಸೂಚ್ಯಂಕ ಏನನ್ನು ಹೇಳುತ್ತದೆ ಎಂಬುದು ತಿಳಿಯಬೇಕಾದರೆ ಗಿಡ ಯಾವ ಕ್ರಮದಲ್ಲಿ ಬಳಲುತ್ತದೆ ಎಂಬುದು ಮೊದಲು ತಿಳಿದಿರಬೇಕು. ಬೇರಿನ ಸುತ್ತ ತೇವ ಕಡಿಮೆಯಾದಾಗ ಗಿಡ ಮೊದಲು ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆವಿಯಾಗಿ ಹೊರಹೋಗುತ್ತಿದ್ದ ನೀರು ಎಲೆಯನ್ನು ತಂಪಾಗಿರಿಸುತ್ತಿತ್ತು; ಅದು ನಿಂತೊಡನೆ ಎಲೆಯ ಉಷ್ಣತೆ ಏರುತ್ತದೆ. ಆ ಬಳಿಕ ಎಲೆಯೊಳಗಿನ ನೀರು ಇಳಿಯುತ್ತದೆ, ಅನಂತರ ಪತ್ರಹರಿತ್ತು ಕುಂದುತ್ತದೆ, ಕೊನೆಗೆ ಎಲೆ ಹಳದಿಯಾಗಿ ಉದುರುತ್ತದೆ. ಈ ನಾಲ್ಕು ಹಂತಗಳೂ ಬೆಳಕಿನ ಬೇರೆ ಬೇರೆ ಪಟ್ಟಿಗಳಲ್ಲಿ ಗುರುತು ಬಿಡುತ್ತವೆ: ಉಷ್ಣತೆಯ ಏರಿಕೆ ಉಷ್ಣ ಅವಗೆಂಪಿನಲ್ಲಿ, ನೀರಿನ ಇಳಿಕೆ 1.6 ಮೈಕ್ರೋಮೀಟರ್ ಸುತ್ತಲಿನ ಕಿರುತರಂಗ ಅವಗೆಂಪಿನಲ್ಲಿ, ಪತ್ರಹರಿತ್ತಿನ ಕುಂದು ಕೆಂಪು ಮತ್ತು ಅವಗೆಂಪುಗಳ ನಡುವಿನ 705 ನ್ಯಾನೋಮೀಟರ್ ಸುತ್ತಲಿನ ಅಂಚಿನಲ್ಲಿ, ಎಲೆಗಳ ನಷ್ಟ ಕೆಂಪು ಮತ್ತು ಸಮೀಪ ಅವಗೆಂಪಿನ ವ್ಯತ್ಯಾಸದಲ್ಲಿ.

ಹಸಿರಿನ ಅಳತೆಯಾಗಿ ಪರಿಚಿತವಾದ ಸೂಚ್ಯಂಕ ಎನ್‌ಡಿವಿಐ ಈ ಕೊನೆಯ ವ್ಯತ್ಯಾಸವನ್ನೇ ಅಳೆಯುತ್ತದೆ. ಸಮೀಪ ಅವಗೆಂಪಿನ ಪ್ರತಿಫಲನದಿಂದ ಕೆಂಪಿನ ಪ್ರತಿಫಲನವನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಕೆಂಪಿನಲ್ಲಿ ಶೇ 5, ಅವಗೆಂಪಿನಲ್ಲಿ ಶೇ 40 ಪ್ರತಿಫಲಿಸುವ ಸೊಂಪಾದ ಹೊಲದ ಎನ್‌ಡಿವಿಐ 35ನ್ನು 45ರಿಂದ ಭಾಗಿಸಿದಷ್ಟು, ಅಂದರೆ 0.78. ಕೆಂಪು ಶೇ 9ಕ್ಕೆ ಏರಿ ಅವಗೆಂಪು ಶೇ 30ಕ್ಕೆ ಇಳಿದರೆ ಅದು 0.54 ಆಗುತ್ತದೆ. ಆದರೆ ಈ ಇಳಿಕೆ ಕಾಣುವ ಹೊತ್ತಿಗೆ ಗಿಡ ಬಹಳ ದಿನಗಳಿಂದ ಬಳಲಿರುತ್ತದೆ. ಎನ್‌ಡಿವಿಐ ಒಂದನ್ನೇ ನೋಡಿ ಬೆಳೆ ಚೆನ್ನಾಗಿದೆ ಎಂದು ತೀರ್ಮಾನಿಸುವುದು ‘ಹಸಿರು ಬರ’ದ ವರ್ಷಗಳಲ್ಲಿ ರೈತರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆದ್ದರಿಂದ ಕನಿಷ್ಠ ಮೂರು ಅಳತೆಗಳನ್ನು ಜೊತೆಯಾಗಿ ಇಟ್ಟುಕೊಳ್ಳಬೇಕು: ಎಲೆಯ ಹರವಿಗೆ ಎನ್‌ಡಿವಿಐ; ಎಲೆಯ ನೀರಿಗೆ, ಕೆಂಪಿನ ಜಾಗದಲ್ಲಿ ಕಿರುತರಂಗ ಅವಗೆಂಪನ್ನು ಇಟ್ಟು ಅದೇ ರೀತಿ ಲೆಕ್ಕ ಹಾಕುವ ತೇವಾಂಶ ಸೂಚ್ಯಂಕ; ಬಿಸಿಗೆ ನೆಲದ ಮೇಲ್ಮೈ ಉಷ್ಣತೆ.

ಯಾವ ಉಪಗ್ರಹ, ಎಷ್ಟು ಗುಂಟೆ

ಉಪಗ್ರಹವನ್ನು ಆರಿಸುವಾಗ ಪಿಕ್ಸೆಲ್‌ನ, ಅಂದರೆ ಚಿತ್ರದ ಒಂದು ಚುಕ್ಕೆ ಆವರಿಸುವ ನೆಲದ, ಗಾತ್ರವನ್ನು ನಮ್ಮ ಜಮೀನಿನ ಅಳತೆಗೆ ತಂದು ನೋಡುವುದು ಒಳ್ಳೆಯದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಕೆಂಪು ಮತ್ತು ಸಮೀಪ ಅವಗೆಂಪು ಬ್ಯಾಂಡ್‌ಗಳ (ಬೆಳಕಿನ ಪಟ್ಟಿಗಳ) ಪಿಕ್ಸೆಲ್ 10 ಮೀಟರ್ ಚದರದ್ದು. ಅದರ ವಿಸ್ತೀರ್ಣ 100 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ ಸರಿಯಾಗಿ ಒಂದು ಗುಂಟೆ. ಅದೇ ಉಪಗ್ರಹದ ಕಿರುತರಂಗ ಅವಗೆಂಪಿನ ಪಿಕ್ಸೆಲ್ ನಾಲ್ಕು ಗುಂಟೆ. ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ ಒಂಬತ್ತು ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳಲ್ಲಿರುವ ಅವಿಫ್ಸ್ ಕ್ಯಾಮೆರಾದ 56 ಮೀಟರ್ ಪಿಕ್ಸೆಲ್ ಸುಮಾರು 31 ಗುಂಟೆ. ಟೆರಾ ಮತ್ತು ಅಕ್ವಾ ಉಪಗ್ರಹಗಳ ಮೋಡಿಸ್ ಉಪಕರಣದ 250 ಮೀಟರ್ ಎಂದು ಕರೆಯಲಾಗುವ ಪಿಕ್ಸೆಲ್ ವಾಸ್ತವವಾಗಿ ಸುಮಾರು 232 ಮೀಟರ್ ಇದ್ದು, ಹದಿಮೂರು ಎಕರೆಯನ್ನು ಒಂದೇ ಅಂಕಿಯಲ್ಲಿ ಹೇಳುತ್ತದೆ. ಉಷ್ಣತೆಯ ಒಂದು ಕಿಲೋಮೀಟರ್ ಪಿಕ್ಸೆಲ್‌ನಲ್ಲಿ ಇನ್ನೂರು ಎಕರೆಗೂ ಹೆಚ್ಚು ನೆಲ ಸೇರಿಕೊಂಡಿರುತ್ತದೆ. ಮೂರು ಎಕರೆ ಹೊಲದ ಬಗ್ಗೆ ಹದಿಮೂರು ಎಕರೆಯ ಪಿಕ್ಸೆಲ್‌ನಿಂದ ಮಾತಾಡಲಾಗದು ಎಂಬುದು ಈ ಲೆಕ್ಕದಿಂದ ತಾನಾಗಿಯೇ ಸ್ಪಷ್ಟವಾಗುತ್ತದೆ.

ಹಾಗೆಂದು ಸಣ್ಣ ಪಿಕ್ಸೆಲ್ ಇರುವುದೇ ಎಲ್ಲಕ್ಕೂ ಮೇಲು ಎನ್ನುವಂತಿಲ್ಲ. ಮೋಡಿಸ್ 2000ದ ಆರಂಭದಿಂದ ಎಡೆಬಿಡದೆ ದಾಖಲೆ ಇಟ್ಟಿದೆ. ಸೆಂಟಿನೆಲ್-2ಎ ಹಾರಿದ್ದು 2015ರಲ್ಲಿ, 2ಬಿ ಹಾರಿದ್ದು 2017ರಲ್ಲಿ. ವಾತಾವರಣದ ಪರಿಣಾಮವನ್ನು ತೆಗೆದುಹಾಕಿದ ಅದರ ಚಿತ್ರಗಳನ್ನು ನಮ್ಮ ಪ್ರದೇಶದಲ್ಲಿ 2019ರ ಹಂಗಾಮಿನಿಂದ ಈಚೆಗೆ ನೆಚ್ಚಿಕೊಳ್ಳಬಹುದು. ಈ ವರ್ಷ ಎಷ್ಟು ಅಸಹಜವಾಗಿದೆ ಎಂಬ ಪ್ರಶ್ನೆಗೆ ಮೋಡಿಸ್ ಉತ್ತರಿಸಬೇಕು, ಅಸಹಜತೆ ಯಾವ ಊರಿನ ಯಾವ ಹೊಲಗಳಲ್ಲಿದೆ ಎಂಬುದಕ್ಕೆ ಸೆಂಟಿನೆಲ್ ಉತ್ತರಿಸಬೇಕು. ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸಲು ಹೋದರೆ ನಕ್ಷೆ ಸುಂದರವಾಗಿ ಬರುತ್ತದೆ, ಆದರೆ ಅದರಿಂದ ಹೊರಡುವ ತೀರ್ಮಾನ ನಿಲ್ಲುವುದಿಲ್ಲ.

ತೊಗರಿಯ ಹೊಲಗಳನ್ನು ಬೇರ್ಪಡಿಸುವುದು

ಇಡೀ ತಾಲ್ಲೂಕಿನ ಸರಾಸರಿ ಎನ್‌ಡಿವಿಐಯನ್ನು ಬೆಳೆಯ ಸ್ಥಿತಿ ಎಂದು ಓದುವುದು ನಮ್ಮ ಕಡೆ ನಡೆಯುವ ತಪ್ಪುಗಳಲ್ಲೆಲ್ಲ ದೊಡ್ಡದು. ಅಫಜಲಪುರದಲ್ಲಿ ಭೀಮಾ ನದಿಯ ನೀರು ಕುಡಿಯುವ ಕಬ್ಬು ಬರದ ವರ್ಷವೂ ಹಸಿರಾಗಿರುತ್ತದೆ. ಜೇವರ್ಗಿಯ ಕಾಲುವೆಯ ಅಚ್ಚುಕಟ್ಟಿನ ಕಥೆಯೂ ಅದೇ. ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬಳ್ಳಾರಿ ಜಾಲಿ. ಅದರ ಬೇರು ಆಳಕ್ಕೆ ಇಳಿಯುವುದರಿಂದ ಸುತ್ತಲಿನ ಬೆಳೆ ಒಣಗಿದಾಗಲೂ ಹಳ್ಳದ ದಂಡೆ, ಕೆರೆಯ ಅಂಗಳ, ಪಾಳುಬಿದ್ದ ಹೊಲಗಳಲ್ಲಿ ಅದು ಹಚ್ಚಗೆ ನಿಂತಿರುತ್ತದೆ. ಚಿಂಚೋಳಿಯ ಕಾಡು ಸೇರಿಕೊಂಡರಂತೂ ಸರಾಸರಿಗೆ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ತೊಗರಿಯ ಹೊಲಗಳನ್ನಷ್ಟೇ ಉಳಿಸಿಕೊಳ್ಳುವ ಒಂದು ಮುಸುಕನ್ನು ತಯಾರಿಸಬೇಕು. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯವರೆಗೆ ಹೊಲದಲ್ಲಿರುತ್ತದೆ. ಕಬ್ಬು ವರ್ಷವಿಡೀ ಹಸಿರು. ಜಾಲಿ ಬೇಸಗೆಯ ಮೇ ತಿಂಗಳಲ್ಲೂ ಹಸಿರು. ಹಿಂಗಾರಿ ಜೋಳದ ಹೊಲ ಸೆಪ್ಟೆಂಬರಿನಲ್ಲಿ ಬರಿದಾಗಿರುತ್ತದೆ ಇಲ್ಲವೇ ಆಗಷ್ಟೇ ಬಿತ್ತನೆಯಾಗಿರುತ್ತದೆ. ಹೀಗಾಗಿ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಹಸಿರಿದ್ದು, ಫೆಬ್ರುವರಿಯಲ್ಲೂ ಮೇ ತಿಂಗಳಲ್ಲೂ ಬರಿದಾಗುವ ಪಿಕ್ಸೆಲ್‌ಗಳನ್ನು ಆಯ್ದರೆ ತೊಗರಿಗೆ ಬಹಳ ಹತ್ತಿರ ಬಂದಂತಾಗುತ್ತದೆ. ಹತ್ತಿಯ ಹೊಲಗಳು ಇದೇ ಬಲೆಗೆ ಬೀಳುತ್ತವೆ; ಅವನ್ನು ಬೇರ್ಪಡಿಸಲು ಹೊಲಕ್ಕೆ ಹೋಗಿ ಗುರುತಿಸಿಕೊಂಡ ಬಿಂದುಗಳು ಬೇಕು. ರಾಜ್ಯದ ದೂರಸಂವೇದಿ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವುದರಿಂದ, ಬಿಂದುವನ್ನು ಪಹಣಿಯ ಬೆಳೆ ಕಾಲಮಿನೊಂದಿಗೆ ತಾಳೆ ನೋಡಬಹುದು. ಬಿಂದುವನ್ನು ಹೊಲದ ನಡುವೆ ಗುರುತಿಸಬೇಕೇ ಹೊರತು ಬದುವಿನ ಮೇಲಲ್ಲ. ಬದುವಿನ ಬೇವು, ಜಾಲಿಗಳು ಹತ್ತು ಮೀಟರಿನ ಪಿಕ್ಸೆಲ್ಲನ್ನು ಸುಲಭವಾಗಿ ಕೆಡಿಸುತ್ತವೆ.

ಈ ಮುಸುಕಿನ ವಿಷಯದಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಯಾವ ವರ್ಷದ ಬಳಲಿಕೆಯನ್ನು ಅಳೆಯುತ್ತಿದ್ದೇವೋ ಅದೇ ವರ್ಷದ ಹಸಿರನ್ನು ನೋಡಿ ಮುಸುಕು ತಯಾರಿಸಿದರೆ, ಅತಿ ಹೆಚ್ಚು ಒಣಗಿದ ಹೊಲಗಳು ತೊಗರಿಯೇ ಅಲ್ಲವೆಂದು ಲೆಕ್ಕದಿಂದ ಹೊರಬೀಳುತ್ತವೆ, ಉಳಿದ ಹೊಲಗಳ ಸರಾಸರಿ ಮೇಲೇರುತ್ತದೆ. ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ಮತ್ತೆ ಮತ್ತೆ ತೊಗರಿ ಕಂಡ ಹೊಲಗಳನ್ನು ಆಧಾರವಾಗಿ ಇಟ್ಟುಕೊಂಡು, ಈ ವರ್ಷದ ಬಿತ್ತನೆಯನ್ನು ಕೃಷಿ ಇಲಾಖೆಯ ಬಿತ್ತನೆ ವರದಿಯಿಂದಲೂ ಬೆಳೆ ಸಮೀಕ್ಷೆಯಿಂದಲೂ ದೃಢಪಡಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಮೋಡ ಮತ್ತು ಮಳೆ ನಕ್ಷತ್ರ

ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತದೆ. ಜುಲೈ–ಆಗಸ್ಟ್‌ನಲ್ಲಿ ಆ ನೋಟಗಳಲ್ಲಿ ಹೆಚ್ಚಿನವು ಮೋಡದ ಪಾಲಾಗುತ್ತವೆ. ಪ್ರತಿ ಚಿತ್ರದ ಜೊತೆ ಬರುವ ವರ್ಗೀಕರಣ ಪದರದಲ್ಲಿ 3 ಎಂದರೆ ಮೋಡದ ನೆರಳು, 8 ಮತ್ತು 9 ಎಂದರೆ ಮೋಡ, 10 ಎಂದರೆ ತೆಳುವಾದ ಎತ್ತರದ ಮೋಡ; ಈ ನಾಲ್ಕನ್ನೂ ತೆಗೆದುಹಾಕಿ, ಅವುಗಳ ಸುತ್ತ ಇನ್ನೊಂದಿಷ್ಟು ಅಂಚನ್ನೂ ತೆಗೆಯಬೇಕು. ಮಳೆ ಬಿದ್ದು ಕಪ್ಪಾದ ಹಸಿ ಎರೆ ಮಣ್ಣನ್ನು ಈ ಪದರ ನೆರಳೆಂದು ಭ್ರಮಿಸುವುದುಂಟು. ಬಿತ್ತನೆಯ ದಿನಗಳಲ್ಲಿ ಕಣ್ಣಾರೆ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳುವುದು ಒಳಿತು.

ಉಳಿದ ಶುಭ್ರ ಪಿಕ್ಸೆಲ್‌ಗಳನ್ನು ಒಂದು ಅವಧಿಗೆ ಒಟ್ಟುಗೂಡಿಸಬೇಕು. ಸಾಮಾನ್ಯವಾಗಿ ಹದಿನಾರು ದಿನ ಅಥವಾ ಒಂದು ತಿಂಗಳ ಅವಧಿಯನ್ನು ಬಳಸುತ್ತಾರೆ. ನನ್ನ ಸಲಹೆ ಬೇರೆ: ಅವಧಿಯನ್ನು ಮಳೆ ನಕ್ಷತ್ರಗಳಿಗೆ ಹೊಂದಿಸಿಕೊಳ್ಳಿ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ ನಡೆಯುತ್ತದೆ, ಅಷ್ಟರಲ್ಲಿ ಎರಡು ಮೂರು ಚಿತ್ರಗಳು ಸಿಗುತ್ತವೆ, ಮತ್ತು ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುವುದರಿಂದ ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ದಿನಾಂಕಗಳಲ್ಲಿ ಬರುತ್ತವೆ. ಹಸ್ತ ಮಳೆ ಸುಮಾರು ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10ರವರೆಗೆ, ಚಿತ್ತೆ ಅಲ್ಲಿಂದ ಅಕ್ಟೋಬರ್ 23ರವರೆಗೆ, ಸ್ವಾತಿ ನವೆಂಬರ್ 6ರವರೆಗೆ. ಹೊಲಕ್ಕೆ ಹೋದಾಗ ‘ಉತ್ತರೆ ಚೆನ್ನಾಗಿ ಆಯಿತು, ಹಸ್ತ ಕೈಬಿಟ್ಟಿತು’ ಎಂದು ರೈತರು ಹೇಳುವ ಮಾತನ್ನು ನೇರವಾಗಿ ನಕ್ಷೆಯ ಅದೇ ಅವಧಿಯ ಪಕ್ಕದಲ್ಲಿ ಇಡಬಹುದು. ಈ ಒಂದು ಅನುಕೂಲ ಮುಂದಿನ ಎಲ್ಲ ಪರಿಶೀಲನೆಯನ್ನು ಹಗುರಗೊಳಿಸುತ್ತದೆ.

ಮೋಡ ಎನ್‌ಡಿವಿಐಯನ್ನು ಸಾಮಾನ್ಯವಾಗಿ ತಗ್ಗಿಸುವುದರಿಂದ ಪ್ರತಿ ಅವಧಿಯಲ್ಲಿ ಗರಿಷ್ಠ ಎನ್‌ಡಿವಿಐ ಇರುವ ದಿನವನ್ನು ಆರಿಸಿ, ಉಳಿದ ಬ್ಯಾಂಡ್‌ಗಳನ್ನೂ ಅದೇ ದಿನದಿಂದ ತೆಗೆದುಕೊಳ್ಳಬೇಕು. ಎನ್‌ಡಿವಿಐ ಒಂದು ದಿನದ್ದು, ತೇವಾಂಶ ಸೂಚ್ಯಂಕ ಮತ್ತೊಂದು ದಿನದ್ದು ಆದರೆ ಹೋಲಿಕೆ ಕೆಡುತ್ತದೆ. ಯಾವ ವಿಧಾನ ಹಿಡಿದರೂ ಎಲ್ಲ ವರ್ಷಗಳಿಗೂ ಅದನ್ನೇ ಹಿಡಿಯಬೇಕು. ಇಡೀ ಅವಧಿ ಮೋಡದಲ್ಲೇ ಕಳೆದರೆ ಖಾಲಿ ಬಿಡುವುದೇ ಪ್ರಾಮಾಣಿಕ ದಾರಿ. ಮೋಡವನ್ನು ಭೇದಿಸಿ ನೋಡುವ ಸೆಂಟಿನೆಲ್-1 ರಾಡಾರ್ ಬೆಳೆ ಮೇಲೇಳುತ್ತಿದೆಯೇ, ಕಟಾವಾಯಿತೇ ಎಂಬುದನ್ನು ಆ ದಿನಗಳಲ್ಲಿ ತಿಳಿಸಬಲ್ಲದು, ಆದರೆ ಎಲೆಯ ಬಣ್ಣವನ್ನು ಅದು ಕಾಣುವುದಿಲ್ಲ.

2022ರ ಜನವರಿ 25ರ ತೊಡಕು

ಈ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು. ಅಂದಿನಿಂದ ಸೆಂಟಿನೆಲ್-2 ಚಿತ್ರಗಳನ್ನು ಸಂಸ್ಕರಿಸುವ ಕ್ರಮ ಬದಲಾಯಿತು, ಪ್ರತಿ ಪಿಕ್ಸೆಲ್‌ನ ಅಂಕಿಗೆ 1000 ಸೇರಿಸಿ ಕೊಡಲಾರಂಭಿಸಿದರು. ಆ ಸಾವಿರವನ್ನು ಕಳೆಯದೆ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ: ಮೇಲೆ ಹೇಳಿದ ಸೊಂಪಾದ ಹೊಲದ ಕೆಂಪು ಶೇ 5ರ ಬದಲು ಶೇ 15 ಆಗಿ, ಅವಗೆಂಪು ಶೇ 40ರ ಬದಲು ಶೇ 50 ಆಗಿ ಓದಿಕೊಳ್ಳುತ್ತದೆ. 35ನ್ನು 65ರಿಂದ ಭಾಗಿಸಿದರೆ 0.54. ಬಳಲಿದ ಹೊಲಕ್ಕೆ ಬಂದ ಅಂಕಿಯೂ ಇದೇ ಆಗಿತ್ತು. 2021ರ ಹಂಗಾಮನ್ನೂ 2023ರ ಹಂಗಾಮನ್ನೂ ಈ ತಿದ್ದುಪಡಿಯಿಲ್ಲದೆ ಹೋಲಿಸಿದವರಿಗೆ ಇಡೀ ಜಿಲ್ಲೆ ಒಣಗಿದಂತೆ ಕಾಣುತ್ತದೆ, ಅದರಲ್ಲಿ ನಿಜವಾದ ಬರದ ಪಾಲೆಷ್ಟು, ಲೆಕ್ಕದ ಪಾಲೆಷ್ಟು ಎಂಬುದು ತಿಳಿಯದೆ ಹೋಗುತ್ತದೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ‘ಹಾರ್ಮನೈಸ್ಡ್’ ಎಂಬ ಹೆಸರಿನ ಸಂಗ್ರಹವನ್ನೇ ಬಳಸಿದರೆ ಈ ಸರಿಪಡಿಸುವಿಕೆ ಆಗಿಯೇ ಇರುತ್ತದೆ. ಚಿತ್ರಗಳನ್ನು ನೇರವಾಗಿ ಇಳಿಸಿಕೊಂಡು ಕೆಲಸ ಮಾಡುವವರು ತಾವೇ ಕಳೆಯಬೇಕು.

ಹೊಲವನ್ನು ಅದರ ಹಿಂದಿನ ವರ್ಷಗಳೊಂದಿಗೆ ಹೋಲಿಸುವುದು

ಎರೆಭೂಮಿಯ ಹೊಲಕ್ಕೂ ಮಡ್ಡಿಯ ಹೊಲಕ್ಕೂ ಒಂದೇ ಅಂಕಿಯ ಗೆರೆ ಎಳೆಯಲಾಗದು. ಆಳವಾದ ಎರೆ ಮಣ್ಣು ಮಳೆ ನಿಂತ ಮೇಲೂ ವಾರಗಟ್ಟಲೆ ತೇವ ಹಿಡಿದಿರುತ್ತದೆ, ಮಡ್ಡಿಯ ತೆಳುಮಣ್ಣು ಹಿಡಿಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಪಿಕ್ಸೆಲ್ಲನ್ನೂ ಅದರದೇ ಇತಿಹಾಸದೊಂದಿಗೆ ಹೋಲಿಸಬೇಕು. ಅಮೆರಿಕದ ವಿಜ್ಞಾನಿ ಫೆಲಿಕ್ಸ್ ಕೋಗನ್ ರೂಪಿಸಿದ ಸಸ್ಯಸ್ಥಿತಿ ಸೂಚ್ಯಂಕ, ಅಂದರೆ ವಿಸಿಐ, ಇದನ್ನೇ ಮಾಡುತ್ತದೆ: ಈ ಅವಧಿಯ ಎನ್‌ಡಿವಿಐಯಿಂದ ಅದೇ ಅವಧಿಯ ಬಹುವರ್ಷಗಳ ಕನಿಷ್ಠವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠಗಳ ಅಂತರದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಉದಾಹರಣೆಗೆ ಹಸ್ತ ಮಳೆಯ ಅವಧಿಯಲ್ಲಿ ಒಂದು ಹೊಲದ ಕನಿಷ್ಠ 0.42, ಗರಿಷ್ಠ 0.74, ಈ ವರ್ಷ 0.50 ಎಂದಿಟ್ಟುಕೊಂಡರೆ 0.08ನ್ನು 0.32ರಿಂದ ಭಾಗಿಸಿ ವಿಸಿಐ 25 ಎಂದು ಬರುತ್ತದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ 60ಕ್ಕಿಂತ ಮೇಲಿನದನ್ನು ಉತ್ತಮ, 40ರಿಂದ 60ರವರೆಗಿನದನ್ನು ಸಾಧಾರಣ, 40ಕ್ಕಿಂತ ಕೆಳಗಿನದನ್ನು ಕಳಪೆ ಎಂದು ವರ್ಗೀಕರಿಸುತ್ತದೆ.

ಈ ಸೂತ್ರದ ದುರ್ಬಲತೆಯೆಂದರೆ ಕನಿಷ್ಠ ಮತ್ತು ಗರಿಷ್ಠಗಳು ತಲಾ ಒಂದೇ ವರ್ಷದ ಅಂಕಿಗಳಾಗಿರುವುದು. ಎಲ್ಲೋ ಒಂದು ವರ್ಷ ಕಣ್ತಪ್ಪಿದ ಮೋಡದ ತುಣುಕು ಕನಿಷ್ಠವಾಗಿ ಕುಳಿತರೆ, ಆ ಬಳಿಕ ಎಂಥ ಬರದಲ್ಲೂ ಆ ಹೊಲದ ವಿಸಿಐ ಚೆನ್ನಾಗಿಯೇ ಕಾಣುತ್ತದೆ. ಮೋಡಿಸ್‌ನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿರುವಲ್ಲಿ ಕನಿಷ್ಠದ ಬದಲು ಐದನೇ ಶತಾಂಶಕವನ್ನೂ (ಶೇ 5ರಷ್ಟು ಅಂಕಿಗಳು ಅದಕ್ಕಿಂತ ಕೆಳಗಿರುವ ಮಟ್ಟ) ಗರಿಷ್ಠದ ಬದಲು ತೊಂಬತ್ತೈದನೇ ಶತಾಂಶಕವನ್ನೂ ಬಳಸುವುದು ಕ್ಷೇಮ. ಸೆಂಟಿನೆಲ್‌ನ ಕೆಲವೇ ವರ್ಷಗಳ ಮೇಲೆ ವಿಸಿಐ ಲೆಕ್ಕ ಹಾಕುವುದಕ್ಕಿಂತ, ಎಲ್ಲ ವರ್ಷಗಳ ಮಧ್ಯಾಂಕದಿಂದ ಈ ವರ್ಷ ಎಷ್ಟು ಕೆಳಗಿದೆ ಎಂದಷ್ಟೇ ತೋರಿಸುವುದು ಮೇಲು.

ತೊಗರಿಯ ವಿಷಯದಲ್ಲಿ ಇನ್ನೂ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ತೊಗರಿ ಮೊದಲ ಒಂದೂವರೆ ಎರಡು ತಿಂಗಳು ನಿಧಾನವಾಗಿ ಬೆಳೆಯುತ್ತದೆ. ಸಾಲುಗಳ ನಡುವೆ ಹಾಕಿದ ಹೆಸರು ಅಥವಾ ಉದ್ದು ಆ ದಿನಗಳ ಹಸಿರಿನ ಬಹುಪಾಲನ್ನು ಕೊಡುತ್ತದೆ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೆಸರು ಕಿತ್ತಾಗ ಹೊಲದ ಎನ್‌ಡಿವಿಐ ಧಡಕ್ಕನೆ ಇಳಿಯುತ್ತದೆ. ಅದು ಕಟಾವೇ ಹೊರತು ಬಳಲಿಕೆಯಲ್ಲ. ಎರಡನೆಯದು, ಮುಂಗಾರು ತಡವಾಗಿ ಬಿತ್ತನೆ ಮೂರು ವಾರ ಹಿಂದೆ ಬಿದ್ದ ವರ್ಷ ಅದೇ ದಿನಾಂಕದ ಹೋಲಿಕೆಯಲ್ಲಿ ಎಲ್ಲ ಹೊಲಗಳೂ ಕಳಪೆಯಾಗಿ ಕಾಣುತ್ತವೆ. ಇಂಥ ವರ್ಷಗಳಲ್ಲಿ ಹೊಲ ಹಸಿರೇರಲು ತೊಡಗಿದ ದಿನದಿಂದ ಎಣಿಸಿ ಇನ್ನೊಂದು ರೇಖೆಯನ್ನೂ ಎಳೆಯಬೇಕು. ದಿನಾಂಕದ ಹೋಲಿಕೆಯಲ್ಲಿ ಕೆಳಗಿದ್ದು ವಯಸ್ಸಿನ ಹೋಲಿಕೆಯಲ್ಲಿ ಸರಿಯಿದ್ದರೆ ಅದು ತಡವಾದ ಬೆಳೆ. ಎರಡರಲ್ಲೂ ಕೆಳಗಿದ್ದರೆ ಬಳಲಿದ ಬೆಳೆ. ತಡವಾದ ಬೆಳೆ ಹೂ ಕಟ್ಟುವ ಹೊತ್ತಿಗೆ ಮಣ್ಣಿನ ತೇವ ತೀರಿರಬಹುದಾದ್ದರಿಂದ ಅದನ್ನೂ ನಿಗಾದಲ್ಲಿ ಇಡಬೇಕು.

ಗಿಡ ಇನ್ನೂ ಸಣ್ಣದಿರುವಾಗ ಎನ್‌ಡಿವಿಐಯಲ್ಲಿ ಮಣ್ಣಿನ ಬಣ್ಣವೂ ಸೇರಿಕೊಳ್ಳುತ್ತದೆ, ಒಂದೇ ಹದದ ಬೆಳೆ ಎರೆ ಮಣ್ಣಿನಲ್ಲಿ ಒಂದು ಅಂಕಿ, ಮಸಾರಿಯಲ್ಲಿ ಇನ್ನೊಂದು ಅಂಕಿ ತೋರುತ್ತದೆ. ಆಗಸ್ಟ್‌ವರೆಗೆ ಮಣ್ಣಿನ ಪ್ರಭಾವವನ್ನು ತಗ್ಗಿಸುವ ಸಾವಿ ಸೂಚ್ಯಂಕವನ್ನು ಬಳಸಿ, ಸಾಲುಗಳು ಕೂಡಿಕೊಂಡ ಮೇಲೆ ಎನ್‌ಡಿವಿಐಗೆ ಬರಬಹುದು.

ಬಿಸಿಯನ್ನು ಅಳೆಯುವುದು

ಹವಾಮಾನ ಬದಲಾವಣೆಯ ಪ್ರಶ್ನೆ ಇಲ್ಲಿ ನೇರವಾಗಿ ಬರುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಷ್ಟೇ ಮಳೆ ಬಿದ್ದರೂ ಬಿಸಿಯಾದ ಗಾಳಿ ಎಲೆಯಿಂದಲೂ ಮಣ್ಣಿನಿಂದಲೂ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. ಮಳೆಮಾಪಕ ವಾಡಿಕೆಯ ಮಳೆ ಎಂದು ತೋರಿಸಿದ ವರ್ಷವೂ ಬೆಳೆ ಬಳಲಲು ಇದೊಂದು ಕಾರಣ. ಆದ್ದರಿಂದ ಎನ್‌ಡಿವಿಐಯ ಜೊತೆ ಉಷ್ಣತೆಯನ್ನು ಇಡದ ಮೇಲ್ವಿಚಾರಣೆ ಅಪೂರ್ಣ.

ಕೋಗನ್ ಅವರ ಇನ್ನೊಂದು ಸೂಚ್ಯಂಕ ಉಷ್ಣತೆಗೆ ಇದೇ ಬಗೆಯ ಲೆಕ್ಕ ಹಾಕುತ್ತದೆ. ಬಿಸಿ ಹೆಚ್ಚಾದಷ್ಟೂ ಅಂಕಿ ಇಳಿಯುವಂತೆ ಗರಿಷ್ಠ ಉಷ್ಣತೆಯಿಂದ ಈ ಅವಧಿಯ ಉಷ್ಣತೆಯನ್ನು ಕಳೆಯಲಾಗುತ್ತದೆ. ಇದರ ಮತ್ತು ವಿಸಿಐಯ ಸರಾಸರಿಯನ್ನು ಸಸ್ಯಾರೋಗ್ಯ ಸೂಚ್ಯಂಕ ಎನ್ನುತ್ತಾರೆ, 40ಕ್ಕಿಂತ ಕೆಳಗೆ ಬಂದರೆ ಬರದ ಲಕ್ಷಣ. ಸರಾಸರಿ ಮಾಡುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂಬುದು ನನ್ನ ಒತ್ತಾಯ. ಎನ್‌ಡಿವಿಐ ಸರಿಯಿದ್ದು ಉಷ್ಣತೆ ಏರಿದ್ದರೆ ಪತ್ರರಂಧ್ರಗಳು ಮುಚ್ಚಿಕೊಂಡಿರುವ ಸಾಧ್ಯತೆಯಿದೆ. ‘ಹಸಿರು ಬರ’ ಹಿಡಿಯಲು ಸಿಗುವುದು ಇಲ್ಲೇ, ಸರಾಸರಿ ಮಾಡಿದೊಡನೆ ಆ ಸುಳಿವು ಅಳಿಸಿಹೋಗುತ್ತದೆ.

ಉಷ್ಣತೆಯ ದತ್ತಾಂಶ ಆರಿಸುವಾಗ ಉಪಗ್ರಹ ಹಾದುಹೋಗುವ ಹೊತ್ತನ್ನು ಗಮನಿಸಬೇಕು. ಟೆರಾ ಉಪಗ್ರಹ ಮೊದಲು ಬೆಳಿಗ್ಗೆ 10.30ರ ಸುಮಾರಿಗೆ ಹಾದುಹೋಗುತ್ತಿತ್ತು. 2020ರ ಬಳಿಕ ಅದರ ಕಕ್ಷೆಯನ್ನು ಸರಿಪಡಿಸುವುದು ನಿಂತು, ಆ ಹೊತ್ತು ಹಿಂದಕ್ಕೆ ಸರಿಯುತ್ತ ಬಂದಿದೆ. ಮುಂಜಾವಿಗೆ ಹತ್ತಿರವಾದಷ್ಟೂ ನೆಲ ತಂಪಾಗಿರುವುದರಿಂದ ಈಚಿನ ವರ್ಷಗಳು ಟೆರಾದಲ್ಲಿ ಇರುವುದಕ್ಕಿಂತ ತಂಪಾಗಿ ಕಾಣುತ್ತವೆ. 2012ರಿಂದ ಮಧ್ಯಾಹ್ನ 1.30ರ ಸುಮಾರಿಗೆ ನೋಡುತ್ತಿರುವ, ಮೋಡಿಸ್‌ನಂಥದೇ ಇನ್ನೊಂದು ಉಪಗ್ರಹ ಉಪಕರಣವಾದ ವಿರ್ಸ್‌ನ ಉಷ್ಣತೆಯೇ ಈಗ ಹೆಚ್ಚು ನಂಬಲರ್ಹ, ಬೆಳೆ ಅತಿ ಹೆಚ್ಚು ಬಳಲುವ ಹೊತ್ತೂ ಅದೇ.

ವರ್ಷಗಳ ದಾರಿಯನ್ನು ನೋಡಬೇಕೆಂದರೆ ಮಳೆಯನ್ನೂ ಸೇರಿಸಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಳೆಯ ಅಂಕಿಗಳು, ಇಲ್ಲವೇ 1981ರಿಂದ ಲಭ್ಯವಿರುವ ಸುಮಾರು ಐದು ಕಿಲೋಮೀಟರ್ ಚೌಕದ ಚಿರ್ಪ್ಸ್ ಮಳೆ ದತ್ತಾಂಶ ಇದಕ್ಕೆ ಸಾಕು. ಪ್ರತಿ ವರ್ಷ ಚಿತ್ತೆಯ ಅವಧಿಯ ಎನ್‌ಡಿವಿಐಯನ್ನು ಅದರ ಹಿಂದಿನ ಎರಡು ತಿಂಗಳ ಮಳೆಯ ಎದುರು ಗುರುತಿಸಿ ಒಂದು ಗೆರೆ ಎಳೆಯಿರಿ. ಈಚಿನ ವರ್ಷಗಳ ಬಿಂದುಗಳು ಮತ್ತೆ ಮತ್ತೆ ಗೆರೆಯ ಕೆಳಗೆ ಬೀಳುತ್ತಿದ್ದರೆ, ಅಷ್ಟೇ ಮಳೆಗೆ ಬೆಳೆ ಮೊದಲಿನಷ್ಟು ಸ್ಪಂದಿಸುತ್ತಿಲ್ಲ ಎಂದರ್ಥ. ಬಿಸಿ, ಮಣ್ಣು, ರೋಗ, ತಳಿ ಇವುಗಳಲ್ಲಿ ಯಾವುದು ಕಾರಣ ಎಂಬುದನ್ನು ಆಗ ಹುಡುಕಬೇಕು. ಒಂದು ಕೆಟ್ಟ ವರ್ಷವನ್ನು ಮಾತ್ರ ತೋರಿಸಿ ಹವಾಮಾನ ಬದಲಾಗಿದೆ ಎನ್ನಲಾಗದು. ಅದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: 2000ದಿಂದ 2017ರವರೆಗಿನ ಮೋಡಿಸ್ ದಾಖಲೆ ಭಾರತ ಹೆಚ್ಚು ಹಸಿರಾಗಿದೆ ಎಂದು ತೋರಿಸಿತು, ಆ ಹೆಚ್ಚಳದ ಶೇ 82ರಷ್ಟು ಕೃಷಿಭೂಮಿಯದಾಗಿತ್ತು. ನೀರಾವರಿ, ಗೊಬ್ಬರ, ಎರಡನೇ ಬೆಳೆಗಳಿಂದ ಬಂದ ಈ ಹಸಿರನ್ನು ಮಳೆಯಾಶ್ರಿತ ಹೊಲ ಸುಖವಾಗಿದೆ ಎಂದು ಓದಬಾರದು. ನೀರಾವರಿಯ ಹೊಲಗಳನ್ನು ಮುಸುಕಿನಿಂದ ಹೊರಗಿಡುವುದು ಇದಕ್ಕಾಗಿಯೂ ಅಗತ್ಯ.

ಹೊಲಕ್ಕೆ ಹೋಗುವುದು

ನಕ್ಷೆ ಸಿದ್ಧವಾದ ಮೇಲೆ ಅತ್ಯಂತ ಕಳಪೆಯಾಗಿ ಕಾಣುವ ಹೊಲಗಳಿಗೆ ಮಾತ್ರ ಹೋಗುವುದು ಸಹಜ ಪ್ರವೃತ್ತಿ. ಚೆನ್ನಾಗಿ ಕಾಣುವ ಹೊಲಗಳಿಗೂ ಅಷ್ಟೇ ಸಂಖ್ಯೆಯಲ್ಲಿ ಹೋಗಬೇಕು, ಇಲ್ಲದಿದ್ದರೆ ನಕ್ಷೆ ಯಾವ ಬಳಲಿಕೆಯನ್ನು ಕಾಣದೆ ಬಿಟ್ಟಿದೆ ಎಂಬುದು ಎಂದೂ ಗೊತ್ತಾಗುವುದಿಲ್ಲ. ಹೊಲದಲ್ಲಿ ನಾಲ್ಕು ದಿಕ್ಕಿನ ಫೋಟೊ, ಗಿಡದ ಎತ್ತರ, ಬಿತ್ತಿದ ವಾರ, ಅಂತರಬೆಳೆ, ಕೊನೆಯ ಒಳ್ಳೆಯ ಮಳೆ ಬಿದ್ದ ನಕ್ಷತ್ರ, ಒಂದು ಗೇಣು ಆಳದ ಮಣ್ಣಿನ ತೇವ ಇವನ್ನು ಬರೆದುಕೊಳ್ಳಬೇಕು. ಮಧ್ಯಾಹ್ನ ಬಾಡಿದ ಎಲೆ ಮರುದಿನ ಬೆಳಿಗ್ಗೆ ಚೇತರಿಸಿಕೊಂಡಿದೆಯೇ ಎಂದು ರೈತರನ್ನು ಕೇಳಬೇಕು. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಸ್ಥಿತಿ ಗಂಭೀರ.

ಗಿಡವನ್ನು ಕಿತ್ತು ಕಾಂಡವನ್ನು ಸೀಳಿ ನೋಡುವುದನ್ನು ಮರೆಯಬಾರದು. ನೆಟೆ ರೋಗ ಬಿದ್ದ ತೊಗರಿಯೂ ಉಪಗ್ರಹಕ್ಕೆ ನೀರಿಲ್ಲದ ತೊಗರಿಯಂತೆಯೇ ಕಾಣುತ್ತದೆ, ಏಕೆಂದರೆ ಶಿಲೀಂಧ್ರ ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಸೀಳಿದ ಕಾಂಡದೊಳಗೆ ಕಂದು ಅಥವಾ ಕಪ್ಪು ಪಟ್ಟೆ ಕಂಡರೆ ಅದು ರೋಗ. ನಕ್ಷೆಯಲ್ಲೂ ಒಂದು ಸುಳಿವು ಸಿಗುತ್ತದೆ: ಮಳೆಯ ಕೊರತೆ ಅಕ್ಕಪಕ್ಕದ ಹೊಲಗಳನ್ನೆಲ್ಲ ಒಟ್ಟಿಗೆ ತಗ್ಗಿಸುತ್ತದೆ, ರೋಗ ತೇಪೆ ತೇಪೆಯಾಗಿ, ಒಂದು ಹೊಲದಲ್ಲಿ ಇದ್ದು ಪಕ್ಕದ ಹೊಲದಲ್ಲಿ ಇಲ್ಲದೆ ಕಾಣಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟ ರೈತರಿಗೂ ರೋಗ ತಗುಲಿದ ಹೊಲದ ರೈತರಿಗೂ ಬೇಕಾದ ಪರಿಹಾರವೂ ಸಲಹೆಯೂ ಬೇರೆ ಬೇರೆಯಾಗಿರುವುದರಿಂದ ಈ ವ್ಯತ್ಯಾಸವನ್ನು ಗುರುತಿಸುವುದು ಕರ್ತವ್ಯದ ಭಾಗ.

ಇಳುವರಿಯ ಬಗ್ಗೆ ಈ ನಕ್ಷೆಯಿಂದ ನೇರವಾಗಿ ಏನನ್ನೂ ಹೇಳಬಾರದು. ನವೆಂಬರಿನಲ್ಲಿ ಮಂಜು ಬಿದ್ದು ಹೂ ಉದುರಿದ ತೊಗರಿ, ಕಾಯಿಕೊರಕ ಬಿದ್ದ ತೊಗರಿ ಎರಡೂ ಎಲೆ ತುಂಬಿಕೊಂಡು ಹಸಿರಾಗಿ ನಿಂತಿರಬಹುದು. ಜನವರಿಯಲ್ಲಿ ಚೆನ್ನಾಗಿ ಬಲಿತ ತೊಗರಿ ಎಲೆ ಉದುರಿಸಿ ಎನ್‌ಡಿವಿಐಯಲ್ಲಿ ಕೆಳಗಿಳಿದಿರಬಹುದು.

ವರದಿಯಲ್ಲಿ ಪ್ರತಿ ನಕ್ಷೆಯ ಪಕ್ಕ ಅವಧಿ, ಬಳಸಿದ ಉಪಗ್ರಹ, ಹೋಲಿಕೆಗೆ ತೆಗೆದುಕೊಂಡ ವರ್ಷಗಳು, ಮೋಡದಿಂದ ಖಾಲಿ ಉಳಿದ ಪಿಕ್ಸೆಲ್‌ಗಳ ಪ್ರಮಾಣ, ಭೇಟಿ ಕೊಟ್ಟ ಹೊಲಗಳಲ್ಲಿ ಎಷ್ಟು ಕಡೆ ನಕ್ಷೆಯೂ ನೆಲವೂ ಹೊಂದಿದವು ಎಂಬುದನ್ನು ಬರೆಯಬೇಕು. ಖಾಲಿ ಪಿಕ್ಸೆಲ್‌ಗಳಿಗೆ ಬೂದು ಬಣ್ಣ ಕೊಡಿ. ಅವನ್ನು ಹಸಿರಿನಲ್ಲೋ ಕೆಂಪಿನಲ್ಲೋ ತುಂಬಬೇಡಿ. ಹೊಲದಲ್ಲಿ ಬರೆದುಕೊಂಡ ಬಿಂದುಗಳನ್ನು ಸರ್ವೆ ನಂಬರ್ ಮತ್ತು ದಿನಾಂಕದ ಸಮೇತ ಜೋಪಾನವಾಗಿ ಇಡಿ, ಆದರೆ ರೈತರ ಹೆಸರನ್ನು ಹಂಚಿಕೊಳ್ಳುವ ಕಡತದಿಂದ ತೆಗೆದುಬಿಡಿ. ಮುಂದಿನ ಜೂನ್‌ನಲ್ಲಿ ಮೃಗಶಿರ ಮಳೆ ಹೂಡುವ ಮೊದಲು ಈ ಬಿಂದುಗಳಿಂದಲೇ ಮುಸುಕನ್ನು ಹೊಸದಾಗಿ ತಿದ್ದಿಕೊಳ್ಳಬೇಕಾಗುತ್ತದೆ.